ಪಹಣಿಗೂ ಬೇಲಿ ಬೇಕು

'ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರ್ಯಾರು?' ಅಂತ ಕನ್ನಡದಲ್ಲಿ ಗಾದೆ. 'ಕಂಚೇ ಚೇನು ಮೇಸ್ತೇ' ಅಂತ ತೆಲುಗಿನಲ್ಲೂ ಅದೇ ಮಾತು. ಬೆಳುಗುಪ್ಪ, ರಾಯದುರ್ಗ, ಮಡಕಶಿರದ ಕಡೆಯ ನಮಗೆ ಎರಡೂ ಗೊತ್ತು. ಈಗ ಹೊಲ ಕಾಯಬೇಕಾದದ್ದು ಬದುವಿನ ಮೇಲಷ್ಟೇ ಅಲ್ಲ, ಕಂಪ್ಯೂಟರಿನೊಳಗೂ ಕಾಯಬೇಕು.

ಆಂಧ್ರದಲ್ಲಿ 1984ರಲ್ಲಿ ಕರಣಂ ಹುದ್ದೆ ಹೋಯಿತು. 2015ರಿಂದ ಅಡಂಗಲ್, 1-ಬಿ ಎರಡೂ 'ಮೀಭೂಮಿ'ಯಲ್ಲಿ ಸಿಗ್ತಾವೆ. ಅದಕ್ಕೂ ಮುಂಚೆ, 2000ದ ಆಸುಪಾಸಿನಲ್ಲೇ, ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. ಸಂತೋಷವೇ. ಆದರೆ ಏರಿಸಿದ್ದು ಕೆಡದಂತೆ ಕಾಯುವುದು ಏರಿಸುವುದಕ್ಕಿಂತ ದೊಡ್ಡ ಕೆಲಸ.

ಗಡಿಯವರಿಗೆ ತಿಳಿಯುವ ಒಂದು ಲೆಕ್ಕ ಹೇಳ್ತೀನಿ. ಕರ್ನಾಟಕದ ಪಹಣಿಯಲ್ಲಿ 2-20 ಅಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಆಂಧ್ರದ ಅಡಂಗಲ್ಲಿನಲ್ಲಿ 2.20 ಅಂದರೆ 2 ಎಕರೆ 20 ಸೆಂಟು. ಎಕರೆಗೆ 40 ಗುಂಟೆ, 100 ಸೆಂಟು. ಗುಂಟೆಯನ್ನು ಸೆಂಟೆಂದು ಓದಿದರೆ 12 ಗುಂಟೆ ನೆಲ ಕಾಗದದ ಮೇಲೇ ಮಾಯ! ಯಂತ್ರಕ್ಕೆ ಅಂಕಿ ಗೊತ್ತು, ನೆಲ ಗೊತ್ತಿಲ್ಲ. ಅಳತೆ ಯಾವುದೆಂದು ಹೇಳದ ಅಂಕಿಯನ್ನು ಒಳಗೆ ಬಿಡಕೂಡದು ಎಂಬ ಕಟ್ಟಳೆಯನ್ನು ತಂತ್ರಾಂಶ ಕಟ್ಟುವಾಗಲೇ ಹಾಕಬೇಕು.

ಇಂಥ ಕಟ್ಟಳೆಗಳೇ ದಾಖಲೆಗೆ ಬೇಲಿ. ಒಂದು ಸರ್ವೆ ನಂಬರಿನ ಪಾಲುಗಳೆಲ್ಲ ಕೂಡಿದರೆ ಒಟ್ಟು ವಿಸ್ತೀರ್ಣಕ್ಕೆ ಸರಿಹೊಂದಬೇಕು. ಮಾರಿದವನ ಹೆಸರು ತೆಗೆಯುವುದು, ಕೊಂಡವನ ಹೆಸರು ಸೇರಿಸುವುದು ಜೋಡೆತ್ತಿನಂತೆ ಒಟ್ಟಿಗೇ ನಡೆಯಬೇಕು. ನಡುವೆ ಕರೆಂಟು ಹೋದರೆ ಎರಡೂ ಮೊದಲಿನಂತೆಯೇ ಉಳಿಯಬೇಕು. ಹಳೆಯ ನಮೂದನ್ನು ಅಳಿಸಕೂಡದು. ಯಾರು, ಯಾವತ್ತು, ಯಾವ ಕಾಗದ ನೋಡಿ ತಿದ್ದಿದರು ಎಂಬ ಗುರುತು ಉಳಿಯಬೇಕು. 'ಭೂಮಿ'ಯಲ್ಲಿ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಮಾಡಿದ್ದು ಇದಕ್ಕೇ. ತಿದ್ದಿದವನು ಆಮೇಲೆ 'ನಾನಲ್ಲ' ಅನ್ನೋ ಹಾಗಿರಬಾರದು. ಎಲ್ಲದರ ಇನ್ನೊಂದು ಪ್ರತಿ ಬೇರೆ ಊರಿನಲ್ಲೂ ಇರಬೇಕು. 2024ರ ಜುಲೈಯಲ್ಲಿ ಮದನಪಲ್ಲೆಯ ಸಬ್ ಕಲೆಕ್ಟರ್ ಕಚೇರಿಗೆ ಬೆಂಕಿ ಬಿದ್ದು ಕಡತಗಳು ಸುಟ್ಟದ್ದನ್ನು ಮರೆಯಲಾದೀತೇ?

ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ತಂತ್ರಾಂಶ ಬರೆಯೋದು ನನಗೆ ಬಾರದು. ಆದರೂ ಕೇಳುವ ಹಕ್ಕು ಇದೆ. ನನ್ನ ಖಾತೆಯಲ್ಲಿ ಒಂದಕ್ಷರ ಬದಲಾಗುವ ಮುಂಚೆ ನನಗೊಂದು ಮಾತು ತಿಳಿಸಿ. ಗಡಿಯಲ್ಲಿ ತೆಲುಗು ಓದಲು ಬಾರದ ಕನ್ನಡಿಗರಿದ್ದಾರೆ, ಆಚೆ ಕನ್ನಡ ಓದಲು ಬಾರದ ತೆಲುಗರಿದ್ದಾರೆ. ಅವರವರಿಗೆ ಓದಲು ಬರುವ ಭಾಷೆಯಲ್ಲೇ ತಿಳಿಸಿ. ಕುರ್ಚಿಯಲ್ಲಿ ಕೂತವರು ಒಳ್ಳೆಯವರೋ ಕೆಟ್ಟವರೋ ಎಂಬುದರ ಮೇಲೆ ನಮ್ಮ ಹೊಲ ನಿಲ್ಲಬಾರದು. ಎರಡೂ ಸರ್ಕಾರಗಳು ಇದನ್ನು ಗಮನಿಸಲಿ.