ಕೊಳವೆಗಲ್ಲ, ಸಾಕೆಟ್ಟಿಗೆ ಗರಗಸ

1970ರ ದಶಕದ ಅಮೆರಿಕನ್ ವಿ-8 ಷೆವ್ರೊಲೆ ಕಾರುಗಳ ಎರಕದ ಮ್ಯಾನಿಫೋಲ್ಡ್ ತೆಗೆದು, ಹೊಗೆ ಸರಾಗವಾಗಿ ಹೊರಹೋಗಲೆಂದು ಉಕ್ಕಿನ ಕೊಳವೆಗಳ ಹೆಡರ್ ಕೂಡಿಸುವುದುಂಟು. ಆಗ ಕೆಲವು ಸ್ಪಾರ್ಕ್ ಪ್ಲಗ್ಗುಗಳು ಕೊಳವೆಗಳ ಮರೆಗೆ ಸರಿಯುತ್ತವೆ. ಉದ್ದನೆಯ ಸಾಕೆಟ್ಟನ್ನು ಓರೆಯಾಗಿ ತುರುಕಿದರೆ ಪ್ಲಗ್ಗಿನ ಪಿಂಗಾಣಿ ಬಿರಿಯುತ್ತದೆ. ಕೊಳವೆಯನ್ನೇ ಬಡಿದು ತಗ್ಗಿಸಿದರೆ ಹೊಗೆಯ ದಾರಿ ಕಿರಿದಾಗುತ್ತದೆ.

ಬದಲಾಗಬೇಕಾದದ್ದು ಉಪಕರಣ ಎಂಬುದು ನಮ್ಮ ಅಭಿಪ್ರಾಯ. ಅಗ್ಗದ 5/8 ಇಂಚಿನ ಸಾಕೆಟ್ಟೊಂದರ ಹಿಂಬದಿಯನ್ನು ಕತ್ತರಿಸಿ, ಹೊರಮೈಯಲ್ಲಿ ಎದುರುಬದುರಾಗಿ ಎರಡು ಚಪ್ಪಟೆ ಮುಖಗಳನ್ನು ಉಜ್ಜಿದರೆ, ಸಾಧಾರಣ ಸ್ಪ್ಯಾನರನ್ನು ಪಕ್ಕದಿಂದಲೇ ತೂರಿಸಿ ತಿರುಗಿಸಬಹುದು. ಎಂಜಿನ್ ತಣಿದಿರಲಿ, ಹೊಸ ಪ್ಲಗ್ಗಿನ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಹಾಕಬೇಕು. ಸಾಕೆಟ್ ಕೆಟ್ಟರೆ ಇನ್ನೊಂದು ದೊರೆಯುತ್ತದೆ; ಸಿಲಿಂಡರ್ ಹೆಡ್ಡಿನ ಥ್ರೆಡ್ ಕೆಟ್ಟರೆ ಅಷ್ಟು ಅಗ್ಗದಲ್ಲಿ ಮುಗಿಯದು.