ಪುಟಿಯುವ ಹಿಂಚಕ್ರ ಬಲದ ಲಕ್ಷಣವಲ್ಲ

ಬೆಂಟ್ಲಿಯ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ನಮ್ಮ ತರುಣರಲ್ಲಿ ಹಳೆಯ ಹೋಲ್ಡನ್ ಕಮೊಡೋರ್ ಕೊಳ್ಳುವ ಆಸೆಯುಳ್ಳವರು ಇದ್ದೇ ಇರುತ್ತಾರೆ. ವಿ8 ಇಂಜಿನ್ನಿನ ಗುಡುಗು ಯಾರನ್ನು ತಾನೇ ಮರುಳುಮಾಡದು! ಆದರೆ ರಭಸದಿಂದ ಹೊರಟಾಗ ಹಿಂದಿನ ಚಕ್ರಗಳು ದಡದಡನೆ ಪುಟಿಯುವುದನ್ನು ಬಲದ ಲಕ್ಷಣವೆಂದು ಬಗೆಯುವುದನ್ನು ನಾವು ಒಪ್ಪಲಾರೆವು.

ಟೈರು ನೆಲವನ್ನು ಹಿಡಿದಾಗ ಸಸ್ಪೆನ್ಷನ್ನಿನ ರಬ್ಬರ್ ಬುಶ್‌ಗಳು ತಿರುಚಿಕೊಳ್ಳುತ್ತವೆ, ಹಿಡಿತ ತಪ್ಪಿದೊಡನೆ ಹಿಂದಕ್ಕೆ ಚಿಮ್ಮುತ್ತವೆ, ಮತ್ತೆ ಹಿಡಿತ. ಈ ಜಗ್ಗಾಟದ ಪೆಟ್ಟಿಗೆ ಆಕ್ಸಲ್ ಮುರಿಯುವುದೂ ಉಂಟು. ನಮ್ಮೂರಿನ ಅಂಬಾಸಿಡರಿನ ಲೀಫ್ ಸ್ಪ್ರಿಂಗೂ ಹೀಗೆ ತಿರುಚಿಕೊಳ್ಳಬಲ್ಲದು. ಆದರೆ ಚಕ್ರ ಕುಣಿಸುವಷ್ಟು ಕಸುವು ಅದರ ಇಂಜಿನ್ನಿಗೆ ಎಲ್ಲಿತ್ತು!

ಅಡಿಲೇಡಿನ ಹೋಲ್ಡನ್ ಕಾರ್ಖಾನೆ ಮುಚ್ಚಿದ್ದು 2017ರಲ್ಲಿ. ಅಲ್ಲಿ ತಯಾರಾದ ಯಾವ ಕಾರಿನ ಮೂಲ ರಬ್ಬರೂ ಇಂದು ಹೊಸದಲ್ಲ. ಆದ್ದರಿಂದ ಇಂಜಿನ್ನಿನ ಬಲ ಹೆಚ್ಚಿಸಲು ಕೂಡಿಟ್ಟ ಡಾಲರನ್ನು ಮೊದಲು ಹಿಂಬದಿಗೆ ವ್ಯಯಿಸಿರೆಂಬುದು ನಮ್ಮ ಅಭಿಪ್ರಾಯ: ಸವೆದ ಬುಶ್‌ಗಳ ಜಾಗದಲ್ಲಿ ಗಟ್ಟಿಯಾದ ಪಾಲಿಯುರೆಥೇನ್ ಬುಶ್‌ಗಳು, ಮುಖ್ಯವಾಗಿ ಸಬ್‌ಫ್ರೇಮಿನವು, ಬಳಿಕ ಉತ್ತಮ ಶಾಕ್ ಅಬ್ಸಾರ್ಬರ್‌ಗಳು. ಒಳಗೆ ಸದ್ದು ಕೊಂಚ ಹೆಚ್ಚೀತು, ಸಹಿಸಬಹುದು. ಕಾರಿನ ಎತ್ತರವನ್ನೋ ಸಸ್ಪೆನ್ಷನ್ನಿನ ರಚನೆಯನ್ನೋ ಬದಲಿಸುವುದಾದರೆ ಪಶ್ಚಿಮ ಆಸ್ಟ್ರೇಲಿಯಾದ ಸಾರಿಗೆ ಇಲಾಖೆಯನ್ನು ಮುಂಚಿತವಾಗಿ ವಿಚಾರಿಸಬೇಕು. ವಿಮಾ ಸಂಸ್ಥೆಗೂ ತಿಳಿಸಬೇಕು. ತಿಳಿಸದಿದ್ದರೆ ಅಪಘಾತದ ಪರಿಹಾರ ಕೈತಪ್ಪಬಹುದು. ಆ ಹೊರೆ ಊರಿನಲ್ಲಿ ಸಾಲಮಾಡಿ ಓದಲು ಕಳುಹಿಸಿದ ತಂದೆತಾಯಿಯರ ಹೆಗಲಿಗೇ ಬರುತ್ತದೆ.