ಫಲಕ ಇರುವುದು ಯಾರ ಕಣ್ಣಿಗಾಗಿ?

ಸರ್ಕಾರಿ ಕಚೇರಿಗಳಲ್ಲಿ ಈಗ ಮಾಹಿತಿಗೆ ಬರವಿಲ್ಲ. ಅರ್ಜಿಗಳ ಸಂಖ್ಯೆ ಗಣಕದಲ್ಲಿ ತಾನಾಗಿಯೇ ಒಟ್ಟಾಗುತ್ತದೆ. ಪ್ರಗತಿಯನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್‌ಗಳು ಹಿರಿಯ ಅಧಿಕಾರಿಗಳ ಕೊಠಡಿಗಳಲ್ಲಿ ಬೆಳಗುತ್ತಿವೆ. ಆದರೆ ಆ ಕೆಲಸವನ್ನು ಮಾಡಬೇಕಾದ ವಿಷಯ ನಿರ್ವಾಹಕ, ಭೂಮಾಪಕ, ಕಂದಾಯ ನಿರೀಕ್ಷಕರು ಒಟ್ಟಾಗಿ ನಿಂತು ನೋಡಬಹುದಾದ ಚಿತ್ರವೊಂದು ಅವರ ಕಚೇರಿಯ ಗೋಡೆಯ ಮೇಲೆ ಇರುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಸೇವೆಯಲ್ಲಿದ್ದಾಗ ನಾನು ಲೆಕ್ಕವಿಲ್ಲದಷ್ಟು ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕುಳಿತಿದ್ದೇನೆ. ಅಂಕಿ–ಅಂಶಗಳು ಕೆಳಗಿನಿಂದ ಮೇಲಕ್ಕೆ ತಪ್ಪದೆ ಹೋಗುತ್ತಿದ್ದವು. ಮೇಲಿನಿಂದ ಕೆಳಕ್ಕೆ ಮರಳುತ್ತಿದ್ದುದು ಹೆಚ್ಚಾಗಿ ಕಾರಣ ಕೇಳುವ ನೋಟಿಸು. ಮಾಹಿತಿ ಎಂದರೆ ಮೇಲಿನವರಿಗೆ ಸಲ್ಲಿಸಬೇಕಾದ ಲೆಕ್ಕ ಎಂಬ ಭಾವನೆ ಬೇರೂರಿದ್ದರೆ ಅದಕ್ಕೆ ಈ ಏಕಮುಖ ಹರಿವೇ ಕಾರಣ.

ಕರ್ನಾಟಕಕ್ಕೆ ಇನ್ನೊಂದು ದಾರಿ ತಿಳಿಯದ್ದೇನಲ್ಲ. ಎರಡು ದಶಕಗಳ ಹಿಂದೆ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಕೇಂದ್ರಗಳು ಆರಂಭವಾದಾಗ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇಡಲಾಯಿತು. ತನ್ನ ಪಹಣಿಯಲ್ಲಿ ಏನಿದೆ ಎಂಬುದನ್ನು ಆತ ಸಿಬ್ಬಂದಿಯ ಜತೆಗೇ ನೋಡಬಹುದಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸುವ ವ್ಯವಸ್ಥೆಯೂ ಅದರೊಂದಿಗೆ ಬಂತು. ಕೌಂಟರಿನ ಹೊರಗೆ ನಾವು ಒಪ್ಪಿಕೊಂಡ ಈ ತತ್ವವನ್ನು ಕೌಂಟರಿನ ಒಳಗಿನವರಿಗೆ ವಿಸ್ತರಿಸಲಿಲ್ಲ.

ಬಿಡದಿಯಲ್ಲೂ ಕಾರ್ಖಾನೆ ಹೊಂದಿರುವ ಜಪಾನಿನ ಟೊಯೋಟ ಸಂಸ್ಥೆ ‘ಆಂಡಾನ್’ ಎಂಬ ದೀಪದ ಫಲಕದಿಂದ ಪ್ರಸಿದ್ಧವಾಗಿದೆ. ಜೋಡಣೆಯಲ್ಲಿ ತೊಡಕು ಕಂಡ ಕಾರ್ಮಿಕ ಹಗ್ಗವೊಂದನ್ನು ಎಳೆಯುತ್ತಾನೆ. ಯಾವ ಸ್ಥಳದಲ್ಲಿ ತೊಡಕಿದೆ ಎಂಬುದು ಎಲ್ಲರಿಗೂ ಕಾಣುವ ಫಲಕದಲ್ಲಿ ಬೆಳಗುತ್ತದೆ. ತಂಡದ ನಾಯಕ ನೆರವಿಗೆ ಧಾವಿಸುತ್ತಾನೆ. ನಿಗದಿತ ಅವಧಿಯಲ್ಲಿ ಸರಿಹೋಗದಿದ್ದರೆ ಉತ್ಪಾದನೆಯೇ ನಿಲ್ಲುತ್ತದೆ. ಆ ದೀಪ ಹೊತ್ತಿಕೊಳ್ಳುವುದು ಕಾರ್ಮಿಕನನ್ನು ದೂರಲಿಕ್ಕಲ್ಲ, ಸಹಾಯ ತರಿಸಲಿಕ್ಕೆ.

ಏನನ್ನು ತೋರಿಸಬೇಕು ಎಂಬುದೂ ಅಷ್ಟೇ ಮುಖ್ಯ. ಅಂಗನವಾಡಿಯ ಬೆಳವಣಿಗೆ ನಕ್ಷೆಯನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡಗಳನ್ನು ಆಧರಿಸಿದ ಈ ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಪ್ರತಿ ತಿಂಗಳ ತೂಕವನ್ನು ಚುಕ್ಕೆಯಾಗಿಸಿ ಜೋಡಿಸಿದರೆ, ಮಗು ಇನ್ನೂ ಹಸಿರಿನಲ್ಲಿರುವಾಗಲೇ ಗೆರೆ ಸಮತಟ್ಟಾಗುವುದು ತಾಯಿಗೂ ಕಾರ್ಯಕರ್ತೆಗೂ ಕಾಣುತ್ತದೆ. ‘ಶೇಕಡ ಇಷ್ಟು ಮಕ್ಕಳ ತೂಕ ಮಾಡಲಾಗಿದೆ’ ಎಂಬ ಜಿಲ್ಲಾ ವರದಿ ಆ ಮಗುವನ್ನು ತೋರಿಸಲಾರದು. ಮೊದಲನೆಯದು ಕೆಲಸಕ್ಕೆ ಬೇಕಾದ ಮಾಹಿತಿ, ಎರಡನೆಯದು ಕೆಲಸ ನಡೆದಿದೆ ಎಂಬುದರ ದೃಢೀಕರಣ ಮಾತ್ರ.

ಫಲಕವನ್ನು ದಂಡನೆಗೆ ಬಳಸುವ ಅಪಾಯವನ್ನೂ ಮರೆಯಬಾರದು. ಒಂದು ಅಳತೆಯನ್ನೇ ಗುರಿಯಾಗಿಸಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಸೂತ್ರದ ಮೂಲ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಮಂಡಿಸಿದ ವಿಚಾರದಲ್ಲಿದೆ. ನಾಗರಿಕ ಸೇವೆಗಳಿಗೆ ಕಾಲಮಿತಿ ವಿಧಿಸಿದ 2011ರ ‘ಸಕಾಲ’ ಕಾಯ್ದೆಯ ಆಶಯ ಉದಾತ್ತವಾದುದು. ಆದರೆ ವಿಲೇವಾರಿಯ ಸಂಖ್ಯೆಯೊಂದನ್ನೇ ಎಣಿಸಿದರೆ, ಸಕಾರಣವಿಲ್ಲದೆ ತಿರಸ್ಕರಿಸಿದ ಅರ್ಜಿಯೂ ‘ಸಾಧನೆ’ಯಾಗುತ್ತದೆ. ಅರ್ಜಿದಾರ ವೃದ್ಧಾಪ್ಯ ವೇತನಕ್ಕೆ ಕಾದಿರುವ ವಿಧವೆಯಾಗಿದ್ದರೆ, ಈ ಲೆಕ್ಕಾಚಾರದ ಬೆಲೆ ತೆರುವವಳು ಆಕೆಯೇ.

ಪರಿಹಾರಕ್ಕೆ ದೊಡ್ಡ ಟೆಂಡರು ಬೇಕಿಲ್ಲ. ಪ್ರತಿ ಶಾಖೆಯಲ್ಲೂ ಒಂದು ಬಿಳಿ ಫಲಕವಿರಲಿ. ಬಾಕಿ ಅರ್ಜಿಗಳನ್ನು ಒಟ್ಟು ಸಂಖ್ಯೆಯಲ್ಲಿ ಬರೆಯದೆ, ವಾರದೊಳಗಿನವು, ತಿಂಗಳೊಳಗಿನವು, ತಿಂಗಳು ಮೀರಿದವು ಎಂದು ವಯಸ್ಸಿನ ಪ್ರಕಾರ ಬರೆಯಲಿ. ಅವು ಎಲ್ಲಿ ತಡೆದಿವೆ ಎಂಬುದು ಪಕ್ಕದಲ್ಲಿರಲಿ: ಅಳತೆ ಆಗಿಲ್ಲ, ದಾಖಲೆ ಕೊಠಡಿಯಿಂದ ಕಡತ ಬಂದಿಲ್ಲ, ಸಹಿ ಬಾಕಿ. ತಿರಸ್ಕೃತ ಅರ್ಜಿಗಳಿಗೆ ಪ್ರತ್ಯೇಕ ಕಾಲಂ ಇರಲಿ. ಸಿಬ್ಬಂದಿಯ ಹೆಸರಾಗಲಿ ಅರ್ಜಿದಾರರ ಹೆಸರಾಗಲಿ ಅಲ್ಲಿ ಬೇಡ. ನೌಕರರಿಗೆ ಅವಮಾನವಾಗುತ್ತದೆ, ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂಬ ಆಕ್ಷೇಪಗಳಿಗೆ ಇದೇ ಉತ್ತರ. ಪ್ರತಿ ಸೋಮವಾರ ಅಧಿಕಾರಿಯೂ ಸಿಬ್ಬಂದಿಯೂ ಹತ್ತು ನಿಮಿಷ ಅದರ ಮುಂದೆ ನಿಂತು ಮಾತನಾಡಲಿ.

ಹಾಗೆ ಮಾಡಿದರೆ ‘ಸಹಿ ಬಾಕಿ’ ಎಂಬ ಸಾಲಿನಲ್ಲಿ ಅಧಿಕಾರಿಯ ಮೇಜೂ ಕಾಣಿಸಿಕೊಳ್ಳುತ್ತದೆ. ಇಂತಹ ಫಲಕಗಳು ನಮ್ಮ ಕಚೇರಿಗಳಲ್ಲಿ ವಿರಳವಾಗಿರಲು ಬಹುಶಃ ಇದೂ ಒಂದು ಕಾರಣ. ಅವು ಅಗತ್ಯವಾಗಿರುವುದೂ ಇದೇ ಕಾರಣಕ್ಕೆ.